ಹಳೇ ಬ್ಲೈಂಡ್ ಗಾರ್ಡಿಯನ್ ವಾಪಸ್ ಬಂತಾ? ಯಾವ ಹಳೇದು ಅಂತ ಮೊದಲು ಹೇಳಿ

ಪ್ರಶ್ನೆ: ಸರ್, ನಾವು ನಾಲ್ಕು ಜನ ಸ್ನೇಹಿತರು. ಇಂಜಿನಿಯರಿಂಗ್ ಓದುವಾಗಿನಿಂದ ಜರ್ಮನಿಯ ಬ್ಲೈಂಡ್ ಗಾರ್ಡಿಯನ್ ಅನ್ನುವ ಮೆಟಲ್ ಬ್ಯಾಂಡಿನ ಹುಚ್ಚು. ಈಗ ಎಲ್ಲರಿಗೂ ನಲವತ್ತು ದಾಟಿದೆ. 2022ರಲ್ಲಿ ‘ದಿ ಗಾಡ್ ಮಷೀನ್’ ಆಲ್ಬಮ್ ಬಂದಾಗಿನಿಂದ ಸೇರಿದಾಗಲೆಲ್ಲ ಅದೇ ಜಗಳ. ಒಬ್ಬ ‘ಹಳೇ ಬ್ಯಾಂಡ್ ವಾಪಸ್ ಬಂತು, ಕಾದಿದ್ದು ಸಾರ್ಥಕ’ ಅನ್ನುತ್ತಾನೆ. ಇನ್ನೊಬ್ಬ ‘ಬೆಟ್ಟ ಹತ್ತಿದವರು ಇಳಿದು ಬಂದು ಮೊದಲನೇ ಮೆಟ್ಟಿಲ ಮೇಲೆ ಕೂತಿದ್ದಾರೆ’ ಅನ್ನುತ್ತಾನೆ. ಮೂರನೆಯವನು 1998ರ ಆಚೆಗೆ ಏನನ್ನೂ ಕೇಳುವುದಿಲ್ಲ. ನನ್ನ ಕಷ್ಟ ಬೇರೆ. ನನಗೆ ಆಲ್ಬಮ್ ಇಷ್ಟವಾಯಿತು, ಹೇಳಿಕೊಳ್ಳುವಂಥ ತಪ್ಪೇನೂ ಕಾಣಲಿಲ್ಲ. ಆದರೆ ಹತ್ತು ಸಲ ಕೇಳಿದ ಮೇಲೆ ಮತ್ತೆ ಹಾಕಬೇಕು ಅನ್ನಿಸುತ್ತಿಲ್ಲ. ಅವರದೇ 1998ರ ಆಲ್ಬಮ್ ‘ನೈಟ್‌ಫಾಲ್’ ಇವತ್ತಿಗೂ ತಿಂಗಳಿಗೊಮ್ಮೆಯಾದರೂ ಕೇಳುತ್ತೇನೆ. ದೋಷ ಆಲ್ಬಮ್‌ನದ್ದಾ, ನನ್ನ ವಯಸ್ಸಿನದ್ದಾ?
– ಒಬ್ಬ ಓದುಗರು, ಮೈಸೂರು

ಉತ್ತರ: ನಿಮ್ಮ ಪತ್ರ ಓದಿ ನಕ್ಕುಬಿಟ್ಟೆ. ನಿಮ್ಮ ನಾಲ್ವರ ಜಗಳ ನಮ್ಮ ಸ್ಟುಡಿಯೋದಲ್ಲೂ ನಡೆದಿದೆ. ನಮ್ಮಲ್ಲಿ ಇಬ್ಬರೇ ಇದ್ದೆವು, ಆದರೂ ಮೂರು ಅಭಿಪ್ರಾಯ ಬಂತು.

ಮೊದಲು ‘ಹಳೇ ಬ್ಯಾಂಡ್’ ಅನ್ನುವ ಮಾತನ್ನು ಬಿಡಿಸೋಣ. ಯಾವ ಹಳೇದು? ಈ ಬ್ಯಾಂಡಿಗೆ ಕಡಿಮೆ ಅಂದರೂ ಮೂರು ಹಳೇ ಮುಖ ಇದೆ. ನಿಮ್ಮ ಗುಂಪಿನ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಕೂತಿದೆ. ಹೆಸರು ಮಾತ್ರ ಎಲ್ಲದಕ್ಕೂ ಒಂದೇ, ಅದಕ್ಕೇ ಜಗಳ ಮುಗಿಯುತ್ತಿಲ್ಲ.

ಈ ಸಂಗೀತ ಗೊತ್ತಿಲ್ಲದೆ ಈ ಪುಟಕ್ಕೆ ಬಂದವರಿಗೆ ಎರಡು ಮಾತು. ಇವರು ನುಡಿಸುವ ಪವರ್ ಮೆಟಲ್ ಅಂದರೆ ಎರಡೂ ಕಾಲಿನಿಂದ ಬಾರಿಸುತ್ತ ಓಡುವ ಡಬಲ್ ಬೇಸ್ ಡ್ರಮ್, ಗುನುಗಬಹುದಾದ ಗಿಟಾರ್ ರಾಗ, ಎತ್ತರದ ದನಿ, ಮೈದಾನದಲ್ಲಿರುವ ಎಲ್ಲರೂ ಸೇರಿ ಕೂಗಬಹುದಾದ ಪಲ್ಲವಿ. ಹ್ಯಾಂಬರ್ಗ್‌ನ ಹೆಲೋವೀನ್ ಬ್ಯಾಂಡ್ 1987 ಮತ್ತು 1988ರಲ್ಲಿ ತಂದ ‘ಕೀಪರ್ ಆಫ್ ದಿ ಸೆವೆನ್ ಕೀಸ್’ನ ಎರಡು ಭಾಗಗಳು ಇದಕ್ಕೆ ಅಚ್ಚು ಹಾಕಿಕೊಟ್ಟವು. ಬ್ಲೈಂಡ್ ಗಾರ್ಡಿಯನ್ ಹುಟ್ಟಿದ್ದು ಕ್ರೆಫೆಲ್ಡ್ ಅನ್ನುವ ಊರಲ್ಲಿ, 1984ರಲ್ಲಿ, ‘ಲೂಸಿಫರ್ಸ್ ಹೆರಿಟೇಜ್’ ಅನ್ನುವ ಹೆಸರಿನಲ್ಲಿ. ಈಗಿನ ಹೆಸರಿನಲ್ಲಿ ಮೊದಲ ಆಲ್ಬಮ್ 1988ರದ್ದು. ಹಾಡುಗಾರ ಹನ್ಸಿ ಕ್ಯೂರ್ಶ್, ಗಿಟಾರಿಗೆ ಆಂಡ್ರೆ ಓಲ್ಬ್ರಿಕ್ ಮತ್ತು ಮಾರ್ಕಸ್ ಸೀಪೆನ್. ಈ ಮೂವರು ಇವತ್ತಿಗೂ ಒಟ್ಟಿಗೇ ಇದ್ದಾರೆ.

ಈಗ ಆ ಮೂರು ಮುಖ. 1988ರಿಂದ 1992ರವರೆಗಿನದು ಒಂದು. ಹುಡುಗರು, ವೇಗ, ಬೆವರು. ‘ಟೇಲ್ಸ್ ಫ್ರಮ್ ದಿ ಟ್ವೈಲೈಟ್ ವರ್ಲ್ಡ್’, ‘ಸಮ್‌ವೇರ್ ಫಾರ್ ಬಿಯಾಂಡ್’ ಈ ಕಾಲದ್ದು. ಗಿಟಾರ್ ಮುಂದೆ, ಉಳಿದಿದ್ದೆಲ್ಲ ಹಿಂದೆ. ಎರಡನೆಯದು 1995ರ ‘ಇಮ್ಯಾಜಿನೇಷನ್ಸ್ ಫ್ರಮ್ ದಿ ಅದರ್ ಸೈಡ್’ ಮತ್ತು 1998ರ ‘ನೈಟ್‌ಫಾಲ್ ಇನ್ ಮಿಡ್ಲ್ ಅರ್ತ್’. ಅಮೆರಿಕದ ಮೆಟಾಲಿಕಾ ಬ್ಯಾಂಡಿನ ‘ಮಾಸ್ಟರ್ ಆಫ್ ಪಪೆಟ್ಸ್’ ಆಲ್ಬಮ್ ರೆಕಾರ್ಡ್ ಮಾಡಿದ ಫ್ಲೆಮಿಂಗ್ ರಾಸ್ಮುಸ್ಸೆನ್ ಅವರನ್ನೇ ಇವರು ‘ಇಮ್ಯಾಜಿನೇಷನ್ಸ್’ಗೆ ಹಿಡಿದರು. ವೇಗ ಹಾಗೇ ಇತ್ತು, ಜೊತೆಗೆ ಹಾಡುಗಳಿಗೆ ತೂಕ ಬಂತು, ಕೋರಸ್ ದೊಡ್ಡದಾಯಿತು. ‘ನೈಟ್‌ಫಾಲ್’ ಇಂಗ್ಲಿಷ್ ಲೇಖಕ ಟೋಲ್ಕಿನ್‌ನ ‘ಸಿಲ್ಮರಿಲಿಯನ್’ ಪುಸ್ತಕ ಆಧರಿಸಿದ್ದು. 22 ಟ್ರ್ಯಾಕ್, ಅದರಲ್ಲಿ ಅರ್ಧ ಹಾಡು, ಅರ್ಧ ಮಧ್ಯೆ ಮಧ್ಯೆ ಬರುವ ಚಿಕ್ಕ ಚಿಕ್ಕ ಮಾತು ಮತ್ತು ಸದ್ದಿನ ತುಣುಕು. ಮೂರನೆಯ ಮುಖ 2002ರ ‘ಎ ನೈಟ್ ಅಟ್ ದಿ ಒಪೆರಾ’ ಒಂದೇ. ಕ್ವೀನ್ ಬ್ಯಾಂಡಿನ 1975ರ ಆಲ್ಬಮ್ಮಿನ ಹೆಸರನ್ನೇ ಇಟ್ಟುಕೊಂಡು, ಕ್ವೀನ್‌ನವರೇ ಗಾಬರಿಯಾಗುವಷ್ಟು ದನಿಗಳನ್ನು ಅದರಲ್ಲಿ ತುಂಬಿದರು.

ನಾನು ಈ ಬ್ಯಾಂಡಿಗೆ ಬಿದ್ದ ಕತೆ ಇಲ್ಲಿ ಹೇಳಲೇಬೇಕು, ಯಾಕಂದ್ರೆ ಉತ್ತರ ಅದರಲ್ಲೇ ಇದೆ. 2003ರ ಹೊತ್ತು. ಹಾಸ್ಟೆಲ್‌ನ ಸೀನಿಯರ್ ಒಬ್ಬರು ನನಗೊಂದು ಸಿಡಿ ಬರೆದುಕೊಟ್ಟರು. ಮೇಲೆ ಮಾರ್ಕರ್‌ನಲ್ಲಿ ‘ಬಿ.ಜಿ. ಫುಲ್’ ಅಂತ ಗೀಚಿತ್ತು. 700 ಎಂಬಿಯಲ್ಲಿ ಬ್ಯಾಂಡಿನ ಅಷ್ಟೂ ಆಲ್ಬಮ್, ಎಲ್ಲ 128 ಕೆಬಿಪಿಎಸ್‌ಗೆ ಕುಗ್ಗಿಸಿದ ಎಂಪಿ3. ಕಂಪ್ಯೂಟರಿಗೆ ಹಾಕಿದೆ, ಫೋಲ್ಡರ್‌ಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಸಾಲಾಗಿ ನಿಂತವು. ಮೊದಲನೆಯದು ಯಾವುದು ಗೊತ್ತಲ್ವಾ? ‘ಎ’ ಇಂದ ಶುರುವಾಗುವುದು. ‘ಎ ನೈಟ್ ಅಟ್ ದಿ ಒಪೆರಾ’!

ಅವರ ಏಳು ಆಲ್ಬಮ್‌ಗಳಲ್ಲಿ ಕಡೆಯದು, ಎಲ್ಲಕ್ಕಿಂತ ಜಟಿಲವಾದದ್ದು ನನಗೆ ಮೊದಲನೆಯದಾಯಿತು. ಆ ಎಂಪಿ3ಯಲ್ಲಿ ಡ್ರಮ್ಮಿನ ಸಿಂಬಲ್ ಸದ್ದು ನಲ್ಲಿ ನೀರು ಬಕೆಟ್ಟಿಗೆ ಬಿದ್ದ ಹಾಗೆ ಕೇಳುತ್ತಿತ್ತು. ಮೂರು ದಿನ ಏನೂ ಅರ್ಥವಾಗಲಿಲ್ಲ. ನಾಲ್ಕನೇ ದಿನ ಒಂದು ಕೋರಸ್ ಸಿಕ್ಕಿತು. ಎರಡು ವಾರ ಕಳೆಯುವಷ್ಟರಲ್ಲಿ ಬೇರೆ ಏನೂ ಬೇಡವಾಗಿತ್ತು. ಆಮೇಲೆ 1990ರ ‘ಟೇಲ್ಸ್’ ಕೇಳಿದಾಗ ‘ಒಳ್ಳೇ ಹುಡುಗರು, ಇನ್ನೂ ಕಲಿಯುತ್ತಿದ್ದಾರೆ’ ಅನ್ನಿಸಿತ್ತು. ಎಂಥ ಸೊಕ್ಕು ನೋಡಿ!

ಜರ್ಮನಿಯ ಅಭಿಮಾನಿ ಇವರ ಜೊತೆಗೇ ಬೆಳೆದ. ಒಂದು ಆಲ್ಬಮ್ ಬಂತು, ಎರಡು ಮೂರು ವರ್ಷ ಅದನ್ನೇ ಕೇಳಿದ, ನಂತರ ಮುಂದಿನದು ಬಂತು. ಅವನಿಗೆ ಇದೊಂದು ದಾರಿ. ನಮಗೆ ಹಾಗಲ್ಲ. ನಮ್ಮ ಕಡೆ ಹೆಚ್ಚಿನವರಿಗೆ ಇಡೀ ಬ್ಯಾಂಡ್ ಒಂದೇ ಸಿಡಿಯಲ್ಲಿ, ಒಂದೇ ಮಧ್ಯಾಹ್ನ ಕೈಗೆ ಬಂತು. ಯಾವ ಬಾಗಿಲಿಂದ ಒಳಗೆ ಹೋದೆವು ಅನ್ನುವುದು ಬರೀ ಆಕಸ್ಮಿಕ. ಆದರೆ ಒಳಗೆ ಹೋದ ಬಾಗಿಲೇ ಮನೆಯ ಮುಂಬಾಗಿಲು ಅಂತ ನಂಬಿಬಿಡುತ್ತೇವೆ. ನಿಮ್ಮ ಮೊದಲ ಸ್ನೇಹಿತರು ‘ಸಮ್‌ವೇರ್’ ಅಥವಾ ‘ಇಮ್ಯಾಜಿನೇಷನ್ಸ್’ ಬಾಗಿಲಿಂದ ಬಂದಿರಬೇಕು. ಬೆಟ್ಟ, ಮೆಟ್ಟಿಲು ಅಂದವರು ನನ್ನ ಬಾಗಿಲಿನವರು. ಕೇಳಿ ನೋಡಿ.

ಈ ಜಗಳ ‘ಗಾಡ್ ಮಷೀನ್’ನಿಂದ ಶುರುವಾಗಿದ್ದೂ ಅಲ್ಲ, ಅಭಿಮಾನಿಗಳು ಶುರು ಮಾಡಿದ್ದೂ ಅಲ್ಲ. ಬ್ಯಾಂಡಿನ ಒಳಗೇ ಇದು ನಡೆದು, ಮನೆ ಪಾಲಾಯಿತು. ಶುರುವಿನಿಂದ ಡ್ರಮ್ ಬಾರಿಸುತ್ತಿದ್ದವರು ಥೋಮೆನ್ ಸ್ಟೌಖ್. ‘ಒಪೆರಾ’ದ ನಂತರ ಬ್ಯಾಂಡ್ ಹಿಡಿದ ದಾರಿ ಅವರಿಗೆ ಒಗ್ಗಲಿಲ್ಲ. 2005ರಲ್ಲಿ ಹೊರಬಿದ್ದರು. ಸುಮ್ಮನೆ ಹೊರಬೀಳಲಿಲ್ಲ. ಅದೇ ವರ್ಷ ‘ಸ್ಯಾವೇಜ್ ಸರ್ಕಸ್’ ಅನ್ನುವ ತಂಡದಿಂದ ‘ಡ್ರೀಮ್‌ಲ್ಯಾಂಡ್ ಮ್ಯಾನರ್’ ಅನ್ನುವ ಆಲ್ಬಮ್ ತಂದರು. ಅದರ ಹಾಡುಗಾರ ಸ್ವೀಡನ್ನಿನ ಯೆನ್ಸ್ ಕಾರ್ಲ್‌ಸನ್, ಪರ್ಸ್ವೇಡರ್ ಬ್ಯಾಂಡಿನವರು. ಕಣ್ಣು ಮುಚ್ಚಿ ಕೇಳಿದರೆ ಹನ್ಸಿಯ ತಮ್ಮ ಅನ್ನಬೇಕು, ದನಿ ಅಷ್ಟು ಹತ್ತಿರ. ಆಲ್ಬಮ್ 1995ರ ಬ್ಲೈಂಡ್ ಗಾರ್ಡಿಯನ್‌ನ ತದ್ರೂಪು. ಡ್ರಮ್ಮರ್ ತಾನು ಬಿಟ್ಟು ಬಂದ ಬ್ಯಾಂಡಿನ ಹಳೇ ಆಲ್ಬಮ್ಮನ್ನು ಇನ್ನೊಮ್ಮೆ ಮಾಡಿ ತೋರಿಸಿದ ಹಾಗೆ. ಈ ವಿಷಯ ನೆನಪಿಟ್ಟುಕೊಳ್ಳಿ, ಕಡೆಯಲ್ಲಿ ಬೇಕಾಗುತ್ತದೆ.

ಉಳಿದವರು ಫ್ರೆಡೆರಿಕ್ ಎಮ್ಕೆಯನ್ನು ಡ್ರಮ್ಮಿಗೆ ಕೂರಿಸಿಕೊಂಡು ಮುಂದೆ ನಡೆದರು. 2006ರ ‘ಎ ಟ್ವಿಸ್ಟ್ ಇನ್ ದಿ ಮಿತ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಫ್ಲೈ’ ಅನ್ನುವ ಹಾಡನ್ನು ಮೊದಲ ಸಿಂಗಲ್ (ಬಿಡಿ ಹಾಡು) ಆಗಿ ಬಿಟ್ಟಾಗ ಅರ್ಧ ಜನ ‘ಇದೇನಿದು’ ಅಂದರು. ನಾನೂ ಅಂದೆ. ಈಗ ಆ ಹಾಡು ನನಗೆ ಇಷ್ಟ, ಆಲ್ಬಮ್ ಅಷ್ಟಕ್ಕಷ್ಟೇ. 2010ರ ‘ಅಟ್ ದಿ ಎಜ್ ಆಫ್ ಟೈಮ್’ನಲ್ಲಿ ನಿಜವಾದ ಆರ್ಕೆಸ್ಟ್ರಾ, ಅಂದರೆ ಪಿಟೀಲು, ತುತ್ತೂರಿಗಳ ದೊಡ್ಡ ವಾದ್ಯವೃಂದ ಬಂತು. ಮೊದಲ ಮತ್ತು ಕಡೆಯ ಹಾಡು ಎರಡೂ ಒಂದೊಂದು ಚಿಕ್ಕ ಸಿನಿಮಾ. ಎರಡು ಕಡೆಯವರೂ ಒಪ್ಪುವ ಆಲ್ಬಮ್ ಯಾವುದಾದರೂ ಇದ್ದರೆ ಇದೇ.

2015ರ ‘ಬಿಯಾಂಡ್ ದಿ ರೆಡ್ ಮಿರರ್’ಗೆ ಬಂದರೆ ಮತ್ತೆ ರಂಪ. ‘ಇಮ್ಯಾಜಿನೇಷನ್ಸ್’ನ ಕತೆಯ ಮುಂದುವರಿಕೆ ಅದು. ಎರಡು ಆರ್ಕೆಸ್ಟ್ರಾ. ಪ್ರಾಗ್, ಬುಡಾಪೆಸ್ಟ್, ಬಾಸ್ಟನ್‌ನಿಂದ ಮೂರು ಕೋರಸ್ ತಂಡ. ಒಂದು ಗಂಟೆಗೂ ಮೀರಿದ ಆಲ್ಬಮ್. ‘ದಿ ನೈಂತ್ ವೇವ್’, ‘ಗ್ರ್ಯಾಂಡ್ ಪರೇಡ್’ ಎರಡೂ ಒಂಬತ್ತು ನಿಮಿಷ ದಾಟುತ್ತವೆ. ಬರೆದದ್ದು ಚೆನ್ನಾಗಿದೆ, ನನ್ನ ತಕರಾರು ಅದರ ಸದ್ದಿನ ಮೇಲೆ. ಎಲ್ಲವನ್ನೂ ಒತ್ತಿ ಒತ್ತಿ ಒಂದೇ ಎತ್ತರಕ್ಕೆ ತಂದಿದ್ದಾರೆ. ಮೆಲ್ಲಗಿನ ಜಾಗವೂ ಜೋರು, ಜೋರಿನ ಜಾಗವೂ ಅಷ್ಟೇ ಜೋರು. ನಮ್ಮ ಕಸುಬಿನಲ್ಲಿ ಇದಕ್ಕೆ ಕಂಪ್ರೆಷನ್ ಅನ್ನುತ್ತೇವೆ. ಅಳತೆಯಲ್ಲಿ ಹಾಕಿದರೆ ಒಗ್ಗರಣೆ, ಜಾಸ್ತಿಯಾದರೆ ಎಲ್ಲ ಪಲ್ಯಕ್ಕೂ ಒಂದೇ ರುಚಿ. ನಲವತ್ತು ನಿಮಿಷಕ್ಕೆ ಕಿವಿ ಸೋಲುತ್ತದೆ. ‘ಆ ಆಲ್ಬಮ್ ಬೋರು’ ಅಂದವರಲ್ಲಿ ಅರ್ಧ ಜನರಿಗೆ ಬೋರಾಗಿರಲಿಲ್ಲ, ದಣಿವಾಗಿತ್ತು ಅಂತ ನನ್ನ ಅನುಮಾನ.

ಆಮೇಲೆ 2019ರಲ್ಲಿ ‘ಲೆಗಸಿ ಆಫ್ ದಿ ಡಾರ್ಕ್ ಲ್ಯಾಂಡ್ಸ್’. ಇದರಲ್ಲಿ ಗಿಟಾರೂ ಇಲ್ಲ, ಬ್ಯಾಂಡಿನ ಡ್ರಮ್ಮೂ ಇಲ್ಲ. ಹನ್ಸಿಯ ದನಿ, ಪ್ರಾಗ್‌ನ ಆರ್ಕೆಸ್ಟ್ರಾ, ಜರ್ಮನ್ ಕಾದಂಬರಿಕಾರ ಮಾರ್ಕುಸ್ ಹೈಟ್ಸ್ ಅವರ ಕತೆ. 1990ರ ದಶಕದಿಂದ ಕೂಡಿಟ್ಟುಕೊಂಡು ಬಂದಿದ್ದ ಕನಸು ಇದು. ಇಷ್ಟವಾಗಲಿ ಬಿಡಲಿ, ಮುಂದಿನದನ್ನು ಅರ್ಥ ಮಾಡಿಕೊಳ್ಳಲು ಇದು ಬೇಕು. ಇಪ್ಪತ್ತು ವರ್ಷದಿಂದ ಎಲ್ಲ ಆಲ್ಬಮ್ಮಿಗೂ ಸ್ವಲ್ಪ ಸ್ವಲ್ಪ ಸೋರುತ್ತಿದ್ದ ಆರ್ಕೆಸ್ಟ್ರಾ ಆಸೆಯನ್ನೆಲ್ಲ ಒಂದೇ ಪಾತ್ರೆಗೆ ಸುರಿದು ಬರಿದಾಗಿ ಎದ್ದರು. ಕೈ ಖಾಲಿ. ಆಗ ಗೋಡೆಗೆ ಒರಗಿಸಿಟ್ಟಿದ್ದ ಗಿಟಾರ್ ಕಣ್ಣಿಗೆ ಬಿತ್ತು.

‘ದಿ ಗಾಡ್ ಮಷೀನ್’ ಬಂದದ್ದು 2022ರ ಸೆಪ್ಟೆಂಬರ್ 2ಕ್ಕೆ. 9 ಹಾಡು, ಒಟ್ಟು 51 ನಿಮಿಷ. ಅದೇ ವರ್ಷ ‘ಸಮ್‌ವೇರ್ ಫಾರ್ ಬಿಯಾಂಡ್’ಗೆ 30 ವರ್ಷ ತುಂಬಿತ್ತು, ವೇದಿಕೆಯ ಮೇಲೆ ಆ ಆಲ್ಬಮ್ಮನ್ನು ಇಡಿಯಾಗಿ ನುಡಿಸುತ್ತಿದ್ದರು. ಜನರ ತಲೆಯಲ್ಲಿ ಎರಡೂ ಗಂಟು ಬಿದ್ದವು. ‘ಹಳೇದು ವಾಪಸ್ ಬಂತು’ ಅನ್ನುವ ಮಾತಿಗೆ ಅರ್ಧ ಬಲ ಅಲ್ಲಿಂದಲೇ ಬಂದಿರಬೇಕು.

ಉಳಿದ ಅರ್ಧ ಹಾಡುಗಳಿಂದ ಬಂತು, ಅದೂ ಸುಳ್ಳಲ್ಲ. ‘ಡೆಲಿವರ್ ಅಸ್ ಫ್ರಮ್ ಈವಿಲ್’ ಹಾಕಿ. ಪೀಠಿಕೆ ಇಲ್ಲ, ನೇರ ಏಟು. ‘ವಯೊಲೆಂಟ್ ಶ್ಯಾಡೋಸ್’ನಲ್ಲಿ ಮಾರ್ಕಸ್‌ನ ಬಲಗೈ ಹೇಗೆ ಕೆಲಸ ಮಾಡುತ್ತಿದೆ ಅಂತ ಗಮನಿಸಿ. ತಂತಿಯನ್ನು ಅಂಗೈಯಿಂದ ಅದುಮಿಕೊಂಡು ಬರೀ ಕೆಳಮುಖವಾಗಿ ಕುಟ್ಟುವ ಹಳೇ ಥ್ರ್ಯಾಶ್ (ವೇಗದ, ಒರಟು ಮೆಟಲ್) ಪಟ್ಟು ಅದು. ‘ರೆಡ್ ಮಿರರ್’ನಲ್ಲಿ ಈ ಕೈ ಆರ್ಕೆಸ್ಟ್ರಾದ ಕೆಳಗೆ ಎಲ್ಲೋ ಹೂತು ಹೋಗಿತ್ತು. ಇಲ್ಲಿ ಎದೆಗೇ ತಾಗುತ್ತದೆ. ಮಿಕ್ಸಿಂಗ್, ಅಂದರೆ ರೆಕಾರ್ಡ್ ಮಾಡಿದ ದನಿ, ವಾದ್ಯಗಳನ್ನು ಹದವಾಗಿ ಸೇರಿಸುವ ಕೆಲಸ ಕೂಡ ಈ ಸಲ ನೆದರ್‌ಲ್ಯಾಂಡ್ಸ್‌ನ ಯೋಸ್ಟ್ ವಾನ್ ಡೆನ್ ಬ್ರುಕ್ ಅವರದ್ದು. ಡ್ರಮ್ಮಿಗೆ ಉಸಿರಾಡಲು ಜಾಗ ಬಿಟ್ಟಿದ್ದಾರೆ.

ಹಾಗಾದರೆ ನಿಮ್ಮ ಮೊದಲ ಸ್ನೇಹಿತರು ಗೆದ್ದರಾ? ಅಷ್ಟು ಬೇಗ ಬೇಡ.

1992ರಲ್ಲಿ ಈ ಬ್ಯಾಂಡ್ ಹೇಗಿತ್ತು ಅಂದರೆ, ಹಾಡು ಎಲ್ಲಿ ಬಿದ್ದೀತೋ ಅನ್ನುವ ಹೆದರಿಕೆ ಕೇಳುಗರಿಗೆ ಆಗುತ್ತಿತ್ತು. ಇಳಿಜಾರಿನಲ್ಲಿ ಬ್ರೇಕ್ ಇಲ್ಲದ ಸೈಕಲ್. ಹನ್ಸಿಯ ಗಂಟಲು ಹರಿಯುವ ಅಂಚಿನಲ್ಲಿತ್ತು, ಡ್ರಮ್ ಒಂದು ಕೂದಲೆಳೆ ಮುಂದೆ ಓಡುತ್ತಿತ್ತು. ‘ಗಾಡ್ ಮಷೀನ್’ನಲ್ಲಿ ಆ ಭಯ ಇಲ್ಲ. ಎಲ್ಲರಿಗೂ ದಾರಿ ಗೊತ್ತು. ಐವತ್ತು ದಾಟಿದ ಗಂಡಸರು ತಾವು ಇಪ್ಪತ್ತೈದರಲ್ಲಿ ಓಡಿದ ರಸ್ತೆಯಲ್ಲಿ ಒಳ್ಳೇ ಕಾರು ಓಡಿಸುತ್ತಿದ್ದಾರೆ. ವೇಗ ಅದೇ ಇರಬಹುದು. ಮೈ ಜುಮ್ ಅನ್ನುವುದಿಲ್ಲ. ‘ಬ್ಲಡ್ ಆಫ್ ದಿ ಎಲ್ವ್ಸ್’ ಕೇಳಿದಾಗ ನನಗೆ ಹೀಗೇ ಅನ್ನಿಸಿತು. ಚೆನ್ನಾಗಿದೆ, ಜಾಗ ಜಾಗಕ್ಕೆ ಎಲ್ಲ ಇದೆ. ಮೊದಲ ಸಲಕ್ಕೇ ಮುಂದೇನು ಬರುತ್ತದೆ ಅಂತ ಗೊತ್ತಾಗಿಬಿಟ್ಟಿತು.

ಇನ್ನೊಂದು ಕಡೆ ‘ಲೈಫ್ ಬಿಯಾಂಡ್ ದಿ ಸ್ಫಿಯರ್ಸ್’ ಇದೆ, ‘ಸೀಕ್ರೆಟ್ಸ್ ಆಫ್ ದಿ ಅಮೆರಿಕನ್ ಗಾಡ್ಸ್’ ಇದೆ. ಇವೆರಡೂ ‘ಹಳೇದು’ ಅಲ್ಲವೇ ಅಲ್ಲ. ಎರಡನೆಯದು ನೀಲ್ ಗೇಮನ್ ಕಾದಂಬರಿಯಿಂದ ಎತ್ತಿಕೊಂಡದ್ದು, ಏಳು ನಿಮಿಷ ದಾಟುತ್ತದೆ. ಓಡುವುದಿಲ್ಲ, ಹೆಜ್ಜೆ ಹಾಕುತ್ತದೆ. ‘ರೆಡ್ ಮಿರರ್’ ಮಾಡಿರದಿದ್ದರೆ ಈ ಹಾಡು ಬರೆಯಲು ಅವರಿಗೆ ಬರುತ್ತಿರಲಿಲ್ಲ. ಆಲ್ಬಮ್ಮಿನ ಅತಿ ಒಳ್ಳೇ ಎರಡು ಹಾಡು ಯಾವುದು ಅಂದರೆ ನಾನು ಇವೆರಡನ್ನೇ ಹೇಳುತ್ತೇನೆ. ವಾಪಸ್ ಬಂದ ಆಲ್ಬಮ್ ಅಂತ ಹೊಗಳುವವರು ಹೆಚ್ಚಾಗಿ ಇವೆರಡರ ಹೆಸರು ಹೇಳುವುದಿಲ್ಲ. ಹಿಂದೆ ಹೋದ ಆಲ್ಬಮ್ ಅಂತ ಬೈಯುವವರೂ ಹೇಳುವುದಿಲ್ಲ. ಇಬ್ಬರ ವಾದಕ್ಕೂ ಇವು ಅಡ್ಡ ಬರುತ್ತವೆ, ಅಲ್ವಾ?

ಇನ್ನು ನಿಮ್ಮ ಪ್ರಶ್ನೆ. ನಾಲ್ವರಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ನೀವೇ. ಇಷ್ಟವಾಗಿದೆ, ಆದರೆ ಎಳೆಯುತ್ತಿಲ್ಲ. ಯಾಕೆ?

ಇದಕ್ಕೆ ಉತ್ತರ ಹೇಳಲು ಇವರು ಕೋರಸ್ ಹೇಗೆ ಕಟ್ಟುತ್ತಾರೆ ಅಂತ ನೋಡಬೇಕು. ಹನ್ಸಿ ಒಂದು ಸಾಲು ಹಾಡುತ್ತಾರೆ. ಅದೇ ಸಾಲನ್ನು ಅದೇ ಶ್ರುತಿಯಲ್ಲಿ ಇನ್ನೆರಡು ಮೂರು ಸಲ ಹಾಡಿ ಒಂದರ ಮೇಲೊಂದು ಕೂರಿಸುತ್ತಾರೆ. ಎರಡು ಸಲ ಹಾಡಿದ್ದು ಎಂದೂ ತಾಳೆಯಾಗಿ ಒಂದೇ ಆಗುವುದಿಲ್ಲ. ಕೂದಲೆಳೆ ಹಿಂದೆ ಮುಂದೆ ಇರುತ್ತದೆ. ಆ ಕೂದಲೆಳೆಯ ವ್ಯತ್ಯಾಸವೇ ದನಿಯನ್ನು ದಪ್ಪ ಮಾಡುತ್ತದೆ. ಆಮೇಲೆ ಅದಕ್ಕೆ ಮೇಲಿನ ಸ್ವರ, ಅದಕ್ಕೂ ಮೇಲಿನದು, ಕೆಳಗಿನದು. ಪ್ರತಿಯೊಂದಕ್ಕೂ ಮತ್ತೆ ಎರಡು ಮೂರು ಪದರ. ಜೊತೆಗೆ ಬೇರೆ ಹಾಡುಗಾರರ ಒಂದು ಚಿಕ್ಕ ತಂಡ. ಆ ತಂಡದಲ್ಲಿ ವರ್ಷಗಟ್ಟಲೆ ಇದ್ದ ರೋಲ್ಫ್ ಕ್ಯೋಲರ್ ಯಾರು ಗೊತ್ತಾ? ಮಾಡರ್ನ್ ಟಾಕಿಂಗ್‌ನ ಡಿಸ್ಕೋ ಹಾಡುಗಳಲ್ಲಿ ಪಲ್ಲವಿಯ ಎತ್ತರದ ದನಿ ಕೊಟ್ಟವರಲ್ಲಿ ಒಬ್ಬರು. ಡ್ರ್ಯಾಗನ್, ಕತ್ತಿ, ಎಲ್ವ್‌ಗಳ ಹಾಡಿನ ಹಿಂದೆ ಎಂಬತ್ತರ ದಶಕದ ಡಿಸ್ಕೋ ಗಂಟಲು ಕೂತಿತ್ತು! ಈ ವಿಷಯ ಗೊತ್ತಾದ ದಿನ ನನಗೆ ಬಹಳ ಖುಷಿಯಾಗಿತ್ತು.

ಇದರ ಮೇಲೆ ಆಂಡ್ರೆಯ ಗಿಟಾರ್. ಅವರ ಲೀಡ್ ಗಿಟಾರಿನ ಸದ್ದು ಮೂಗಿನಲ್ಲಿ ಹಾಡಿದ ಹಾಗೆ ಇರುತ್ತದೆ. ಗಿಟಾರಿನ ಸದ್ದು ಬದಲಿಸುವ ‘ವಾ’ ಅನ್ನುವ ಕಾಲಿನ ಪೆಡಲನ್ನು ಅರ್ಧ ಒತ್ತಿ ಹಾಗೇ ನಿಲ್ಲಿಸಿದರೆ ಬರುವ ಸದ್ದು. ನನಗೆ ಯಾವಾಗಲೂ ಅದು ಮದುವೆ ಮನೆಯ ನಾದಸ್ವರ ನೆನಪಿಸುತ್ತದೆ. ಮನುಷ್ಯನ ದನಿ ಮತ್ತು ಇಂಥ ಗಿಟಾರ್ ಎರಡೂ ಗದ್ದಲ ಮಾಡುವುದು ಒಂದೇ ಜಾಗದಲ್ಲಿ, ಸದ್ದಿನ ಕಂಪನದ ಲೆಕ್ಕದಲ್ಲಿ ಸುಮಾರು 1ರಿಂದ 4 ಕಿಲೋಹರ್ಟ್ಸ್ ನಡುವೆ. ಒಂದು ಬೆಂಚಿನ ಮೇಲೆ ಹನ್ನೆರಡು ಜನ ಕೂತ ಹಾಗೆ. ಒಬ್ಬರು ಇನ್ನೊಬ್ಬರನ್ನು ಮರೆಮಾಡುತ್ತಾರೆ.

‘ಎ ನೈಟ್ ಅಟ್ ದಿ ಒಪೆರಾ’ದಲ್ಲಿ ಆಗಿದ್ದು ಇದೇ. ಮಿಕ್ಸಿಂಗ್ ಮೇಷ್ಟ್ರ ಕಣ್ಣಲ್ಲಿ ನೋಡಿದರೆ ಅದು ತಪ್ಪು. ಆದರೆ ಅದರ ಮೋಡಿಯೂ ಅದೇ. ಇವತ್ತು ಕೇಳಿದಾಗ ಮರೆಯಲ್ಲಿದ್ದವನು ನಾಳೆ ಕೇಳುವಾಗ ಇಣುಕುತ್ತಾನೆ. ಟ್ರಾಯ್ ಯುದ್ಧದ ಕತೆ ಹೇಳುವ ‘ಅಂಡ್ ದೆನ್ ದೇರ್ ವಾಸ್ ಸೈಲೆನ್ಸ್’ 14 ನಿಮಿಷದ ಹಾಡು. ಅದನ್ನು ನಾನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಹೋದ ವರ್ಷ ಒಳ್ಳೇ ಹೆಡ್‌ಫೋನ್‌ನಲ್ಲಿ ಕೇಳುವಾಗ ಎಡಗಿವಿಯಲ್ಲಿ ಒಂದು ಗಿಟಾರ್ ಎಳೆ ಸಿಕ್ಕಿತು. ಅಷ್ಟು ವರ್ಷ ಅದು ಅಲ್ಲೇ ಇತ್ತು. ನನಗೇ ಗೊತ್ತಿರಲಿಲ್ಲ. ಹಾಡನ್ನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಆರು ಸಲ ಅಷ್ಟೇ ಜಾಗ ಕೇಳಿದೆ. ಹೆಂಡತಿ ಬಂದು ‘ಏನಾಯ್ತು ರೀ?’ ಅಂದಳು. ಏನಂತ ಹೇಳಲಿ?

‘ಗಾಡ್ ಮಷೀನ್’ನಲ್ಲಿ ಬೆಂಚಿನ ಮೇಲೆ ಆರೇ ಜನ. ಎಲ್ಲರ ಮುಖವೂ ಕಾಣುತ್ತದೆ. ಕೋರಸ್ ಪದರ ಇಲ್ಲೂ ಇದೆ, ಅದನ್ನು ಬಿಟ್ಟರೆ ಇವರು ಇವರೇ ಅಲ್ಲ. ಆದರೆ ಮಿಕ್ಸ್ ಅಚ್ಚುಕಟ್ಟು. ಮೂರನೇ ಸಲ ಕೇಳುವಷ್ಟರಲ್ಲಿ ಎಲ್ಲರ ಪರಿಚಯ ಆಗಿಹೋಗುತ್ತದೆ. ಹತ್ತನೇ ಸಲಕ್ಕೆ ಯಾರೂ ಹೊಸಬರು ಉಳಿದಿರುವುದಿಲ್ಲ. ನಿಮಗೆ ಆಗುತ್ತಿರುವುದು ಇದೇ ಅಂತ ನನ್ನ ತೀರ್ಮಾನ. ಆಲ್ಬಮ್ ಕೆಟ್ಟದ್ದಲ್ಲ, ನಿಮಗೆ ವಯಸ್ಸಾಗಿಯೂ ಅಲ್ಲ. ಅದು ತನ್ನ ಹತ್ತಿರ ಇದ್ದದ್ದನ್ನೆಲ್ಲ ಬೇಗ ಕೊಟ್ಟುಬಿಟ್ಟಿತು.

‘ನೈಟ್‌ಫಾಲ್’ ಇವೆರಡರ ಮಧ್ಯೆ ಇದೆ. ಮೊದಲ ದಿನವೇ ‘ಮಿರರ್ ಮಿರರ್’ ಕೈಗೆ ಸಿಗುತ್ತದೆ, ಬಾಯಿಗೂ ಬರುತ್ತದೆ. ಒಳಗೆ ಇನ್ನೂ ಹತ್ತು ಕೋಣೆ ಬೀಗ ಹಾಕಿಕೊಂಡಿರುತ್ತವೆ. ನೀವು ತಿಂಗಳಿಗೊಮ್ಮೆ ಅದಕ್ಕೆ ಹೋಗುವುದು ಬರೀ ಹಳೇ ನೆನಪಿಗಾಗಿ ಅಂತ ನಾನು ನಂಬುವುದಿಲ್ಲ.

ವಯಸ್ಸಿನ ಮಾತು ತೆಗೆದಿರಿ. ಅದರಲ್ಲೂ ಸ್ವಲ್ಪ ಇದೆ, ಸುಮ್ನೆ ಅಲ್ಲಗಳೆಯುವುದಿಲ್ಲ. ಕಾಲೇಜಿನಲ್ಲಿ ಒಂದು ಆಲ್ಬಮ್ ಅಂದರೆ ಮಂಚದ ಮೇಲೆ ಬಿದ್ದುಕೊಂಡು, ಸಾಹಿತ್ಯದ ಪ್ರಿಂಟ್‌ಔಟ್ ಹಿಡಿದುಕೊಂಡು, ಒಂದು ಗಂಟೆ. ಈಗ ಕಾರಿನಲ್ಲಿ, ಸಿಗ್ನಲ್ಲಿನಲ್ಲಿ, ಮಧ್ಯೆ ಆಫೀಸಿನ ಫೋನ್. ಹಾಗೆ ಕೇಳಿದರೆ ‘ಗಾಡ್ ಮಷೀನ್’ ಗೆಲ್ಲುತ್ತದೆ, ‘ಒಪೆರಾ’ ಸೋಲುತ್ತದೆ. ನಿಮ್ಮ ಮೊದಲ ಸ್ನೇಹಿತರು ಎಲ್ಲಿ ಕೂತು ಕೇಳುತ್ತಾರೆ ಅಂತಲೂ ಒಮ್ಮೆ ವಿಚಾರಿಸಿ. ಜಿಮ್ ಅಂದರೆ ನನಗೇನೂ ಆಶ್ಚರ್ಯ ಇಲ್ಲ.

1998ರ ಆಚೆಗೆ ಕೇಳದ ಸ್ನೇಹಿತರ ಬಗ್ಗೆ ಏನು ಹೇಳಲಿ? ಅವರನ್ನು ಅವರ ಪಾಡಿಗೆ ಬಿಡಿ. 2007ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಐರನ್ ಮೇಡನ್ ಬ್ಯಾಂಡ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತಲ್ಲ, ಹೊಸ ಆಲ್ಬಮ್ಮಿನ ಹಾಡು ಶುರುವಾದಾಗಲೆಲ್ಲ ನನ್ನ ಪಕ್ಕದಲ್ಲಿದ್ದ ಒಬ್ಬರು ನೀರು ಕುಡಿಯಲು ಹೋಗುತ್ತಿದ್ದರು. ಹಳೇ ಹಾಡು ಬಂದರೆ ಓಡಿ ಬಂದು ಕುಣಿಯುತ್ತಿದ್ದರು. ರಾತ್ರಿ ಮುಗಿದಾಗ ನಮ್ಮೆಲ್ಲರಿಗಿಂತ ಖುಷಿಯಾಗಿದ್ದವರು ಅವರೇ. ಯಕ್ಷಗಾನ ನೋಡುವವರಲ್ಲೂ ಇಂಥವರು ಸಿಗುತ್ತಾರೆ. ಹಳೇ ಭಾಗವತರೊಬ್ಬರ ಹೆಸರು ಹೇಳಿ ‘ಅವರ ನಂತರ ಪದ್ಯ ಎಲ್ಲಿದೆ?’ ಅಂತ ಗೊಣಗುತ್ತಲೇ ಬೆಳಗಿನ ತನಕ ಕೂತಿರುತ್ತಾರೆ. ಎದ್ದು ಹೋಗುವುದಂತೂ ಇಲ್ಲ.

ಬೆಟ್ಟ, ಮೆಟ್ಟಿಲು ಅಂದ ಸ್ನೇಹಿತರಿಗೆ ಮಾತ್ರ ಒಂದು ತಕರಾರು ಹೇಳಬೇಕು. ನಾನು ಅವರ ಪಕ್ಷದವನೇ, ಆದ್ದರಿಂದ ಹೇಳಬಹುದು. ಪ್ರತಿ ಆಲ್ಬಮ್ಮೂ ಹಿಂದಿನದಕ್ಕಿಂತ ದೊಡ್ಡದಾಗಬೇಕು ಅನ್ನುವುದೂ ಒಂದು ಹಟ. ‘ರೆಡ್ ಮಿರರ್’ ನಂತರ ಏನು ಮಾಡಬೇಕಿತ್ತು? ನಾಲ್ಕು ಆರ್ಕೆಸ್ಟ್ರಾ ತರಬೇಕಿತ್ತಾ? ಎರಡರಿಂದ ನಾಲ್ಕಕ್ಕೆ ಹೋದರೆ ಕೇಳುಗರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಬಿಲ್ ಮಾತ್ರ ದೊಡ್ಡದಾಗುತ್ತದೆ. ತೆಗೆಯುವುದು ಸೇರಿಸುವುದಕ್ಕಿಂತ ಕಷ್ಟದ ಕೆಲಸ. ಮೂವತ್ತೈದು ವರ್ಷ ಒಟ್ಟಿಗೇ ನುಡಿಸಿದವರು ಒಂಬತ್ತು ಹಾಡಿಗೆ ನಿಲ್ಲಿಸಿದರಲ್ಲ, ಅದಕ್ಕೆ ನನ್ನ ಒಂದು ನಮಸ್ಕಾರ ಇದೆ. ಹಾಗಂತ ನನ್ನ ಪಟ್ಟಿಯಲ್ಲಿ ಅದನ್ನು ಮೇಲೆ ಹಾಕುವುದಿಲ್ಲ. ‘ಒಪೆರಾ’, ‘ಇಮ್ಯಾಜಿನೇಷನ್ಸ್’, ‘ನೈಟ್‌ಫಾಲ್’, ‘ಎಜ್ ಆಫ್ ಟೈಮ್’, ಆಮೇಲೆ ಇದು. ಐದನೇ ಜಾಗ. ಹನ್ನೆರಡು ಆಲ್ಬಮ್ಮಿನ ಮನೆಯಲ್ಲಿ ಐದನೇ ಮಗು ಅಂದರೆ ಕಡಿಮೆಯೇನಲ್ಲ.

ನಿಮಗೆ ಒಂದು ಮನೆಗೆಲಸ ಕೊಡುತ್ತೇನೆ. ‘ಗಾಡ್ ಮಷೀನ್’ ಒಂದು ತಿಂಗಳು ಮುಟ್ಟಬೇಡಿ. ಆಮೇಲೆ ಒಂದು ರಾತ್ರಿ, ಫೋನ್ ಪಕ್ಕದ ಕೋಣೆಯಲ್ಲಿಟ್ಟು, ‘ಲೈಫ್ ಬಿಯಾಂಡ್ ದಿ ಸ್ಫಿಯರ್ಸ್’ ಒಂದನ್ನೇ ಹೆಡ್‌ಫೋನ್ ಹಾಕಿ ಕೇಳಿ. ಹನ್ಸಿಯನ್ನು ಬಿಟ್ಟುಬಿಡಿ. ಎಮ್ಕೆಯ ಡ್ರಮ್ ಮಾತ್ರ ಹಿಂಬಾಲಿಸಿ. ಆಮೇಲೆ ಇನ್ನೊಮ್ಮೆ, ಬರೀ ಆಂಡ್ರೆಯ ಗಿಟಾರ್. ಆಲ್ಬಮ್ಮಿನಲ್ಲಿ ಇನ್ನೂ ಬೀಗ ತೆಗೆಯದ ಕೋಣೆ ಒಂದಾದರೂ ಇದ್ದರೆ ಅದು ಅಲ್ಲಿದೆ. ಆಗಲೂ ಎಳೆಯಲಿಲ್ಲ ಅಂದರೆ ಬಿಟ್ಟುಬಿಡಿ, ಅದಕ್ಕೇನೂ ಪ್ರಾಯಶ್ಚಿತ್ತ ಬೇಕಿಲ್ಲ.

ಇನ್ನೊಂದು ನಿಮ್ಮ ಮೊದಲ ಸ್ನೇಹಿತರಿಗೆ. ಮುಂದಿನ ಸಲ ನಾಲ್ವರೂ ಸೇರಿದಾಗ ಆ ಸ್ಯಾವೇಜ್ ಸರ್ಕಸ್‌ನ ‘ಡ್ರೀಮ್‌ಲ್ಯಾಂಡ್ ಮ್ಯಾನರ್’ ಹಾಕಿ. ಹೆಸರು ಹೇಳಬೇಡಿ. ಫೋನಿನ ಪರದೆ ಕೆಳಮುಖ ಮಾಡಿ ಇಡಿ. ‘ಬ್ಲೈಂಡ್ ಗಾರ್ಡಿಯನ್ 1995ರಲ್ಲಿ ಆಲ್ಬಮ್ಮಿಗೆ ಹಾಕದೆ ಬಿಟ್ಟ ಹಾಡುಗಳಂತೆ’ ಅಂತ ಒಂದು ಸಣ್ಣ ಸುಳ್ಳು ಹೇಳಿ, ಪಾಪ ನನ್ನ ಲೆಕ್ಕಕ್ಕೆ ಇರಲಿ. ಎರಡು ಹಾಡು ಮುಗಿಯುವ ತನಕ ಬಾಯಿ ಬಿಡಬೇಡಿ, ಅವರ ಮುಖ ನೋಡುತ್ತಿರಿ. ಅವರು ಏನಂದರು ಅಂತ ನನಗೆ ಬರೆಯಿರಿ. ನಾನು ನಮ್ಮ ಸ್ಟುಡಿಯೋದ ಗೆಳೆಯನ ಮೇಲೆ ಇದನ್ನೇ ಮಾಡಿದ್ದೆ. ಎರಡನೇ ಹಾಡಿನ ಮಧ್ಯದಲ್ಲಿ ಅವನು ಮೇಜು ಕುಟ್ಟಿ, ‘ನೋಡು, ಡ್ರಮ್ ಅಂದ್ರೆ ಇದು, ಈಗಿನವರಿಗೆ ಎಲ್ಲಿ ಬರುತ್ತೆ?’ ಅಂದ. ಸರಿಯಾಗೇ ಹೇಳಿದ್ದ, ಡ್ರಮ್ ಬಾರಿಸಿದ್ದು ಥೋಮೆನ್ನೇ. ಆಲ್ಬಮ್ ಯಾವುದು ಅಂತ ಹೇಳಿದ ಮೇಲೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದ.